ಸೊಪ್ಪು ಮುಟ್ಟಬಾರದ ದಿನ

ಹಟಮಾರಿ, ಬಾಯಿಬಡುಕಿ, ಮೂಗಿನ ತುದೀಲೇ ಸಿಟ್ಟು. ಹತ್ತನೇ ಕ್ಲಾಸಿನವರೆಗೆ ನನಗೆ ಸಿಕ್ಕ ಬಿರುದುಗಳು ಇವೇ. "ಸಮಾಧಾನದ ಮಕ್ಕಳು ಸೋತ್ರೂ ತಡ್ಕೋತಾರೆ, ನಿನ್ನಂಥೋಳು ಒಂದೇ ಪೆಟ್ಟಿಗೆ ಮುರಿದುಹೋಗ್ತೀಯ" ಅಂತ ಮೇಷ್ಟ್ರು ಇಡೀ ಕ್ಲಾಸಿನ ಎದುರು ಹೇಳಿದ್ದರು. ಗಣಿತದಲ್ಲಿ ಫೇಲಾದೆ. ಮುಸುಕು ಹಾಕ್ಕೊಂಡು ಅತ್ತಿದ್ದೂ ನಿಜ. ಆದರೆ ಅವರ ಮಾತೇ ಗೆದ್ದುಬಿಡುತ್ತಲ್ಲಾ ಅಂತ ಮೈಯೆಲ್ಲ ಉರಿದು, ಎದ್ದು ಮುಖ ತೊಳ್ಕೊಂಡು ಮರುಪರೀಕ್ಷೆಗೆ ಕಟ್ಟಿದೆ.

ಪರೀಕ್ಷೆ ದಿನವೇ ನಮ್ಮನೇಲಿ ಬ್ಯಾರನ್ ತುಂಬೋದು ಬಂತು. ಗುರುಪುರದ ಕಡೆ ಹೊಗೆಸೊಪ್ಪು ಬೆಳೆಯೋರಿಗೆ ಇದು ಗೊತ್ತು. ಮುರಿದ ಹಸಿಸೊಪ್ಪನ್ನ ಅವತ್ತೇ ಕಡ್ಡಿಗೆ ಕಟ್ಟಿ, ಸೊಪ್ಪು ಬೇಯಿಸೋ ಬ್ಯಾರನ್ ಮನೆಯೊಳಗೆ ತೂಗುಹಾಕಬೇಕು. ಒಂದು ಕೈಯೂ ಸುಮ್ಮನಿರೋ ಹಾಗಿಲ್ಲ.

"ಫೇಲಾದೋಳ್ಗೆ ಇನ್ನೇನ್ ಓದು? ಪರೀಕ್ಷೆನೂ ಬ್ಯಾಡ, ಏನೂ ಬ್ಯಾಡ. ಕೂತ್ಕೊಂಡು ಸೊಪ್ಪು ಕಟ್ಟು" ಅಂದಳು ಅಜ್ಜಿ. ಅವಳ ಮಾತೇ ಮನೆಗೆ ಕಾನೂನು. ಅಪ್ಪ ಇನ್ನೊಂದು ಹೊರೆ ಸೊಪ್ಪು ತಂದು ನನ್ನ ಮುಂದೆ ಹಾಕಿದ.

ಅಜ್ಜಿಯದೇ ಇನ್ನೊಂದು ಕಾನೂನಿತ್ತು. ಮುಟ್ಟಾದವಳು ಸೊಪ್ಪು ಮುಟ್ಟಬಾರದು, ಬ್ಯಾರನ್ ಹತ್ತಿರ ಸುಳಿಯಬಾರದು. ಬಣ್ಣ ಕೂರಲ್ಲವಂತೆ, ಎಲೆ ಕಪ್ಪಾಗುತ್ತಂತೆ.

"ನಾನು ಹೊರಗಾಗಿದೀನಿ ಕಣಜ್ಜಿ" ಅಂದೆ.

ಅಜ್ಜಿ ಕೈಲಿದ್ದ ದಾರ ಬಿಟ್ಟಳು. "ಅಯ್ಯೋ ಮುಂಡೇದೇ, ಇವತ್ತೇ ಆಗ್ಬೇಕಿತ್ತಾ? ದೂರ ಓಗು!"

ಅಮ್ಮ ನನ್ನನ್ನೇ ನೋಡಿದಳು. ಅಜ್ಜಿಗೆ ಮರೆತಿದ್ದರೂ ಅಮ್ಮನಿಗೆ ನನ್ನ ತಿಂಗಳು ಗೊತ್ತು. "ಇಲ್ಲಿದ್ದು ಏನ್ ಮಾಡ್ತಾಳೆ, ಎಲ್ಲಾದ್ರೂ ಓಗ್ಲಿ ಬುಡಿ" ಅಂದಳು ಅಮ್ಮ. ನಾನು ಪರೀಕ್ಷೆಗೆ ಹುಣಸೂರಿನ ಬಸ್ಸು ಹಿಡಿದೆ.

ಸುಳ್ಳು ಹೇಳಿದೆ. ಹೌದು, ಏನೀಗ? ಸಮಾಧಾನದವಳಾಗಿದ್ದರೆ ಸೊಪ್ಪು ಕಟ್ಟುತ್ತಾ ಕೂತಿರುತ್ತಿದ್ದೆ. ಬಸ್ಸಿನುದ್ದಕ್ಕೂ ಗಣಿತದ ಸೂತ್ರ ಹೇಳ್ಕೊಂಡೇ ಹೋದೆ, ಮೇಷ್ಟ್ರು ಹೇಳಿದ ಹಾಗೆ ಮುರಿದಿರಲಿಲ್ಲ.

ಪಾಸಾದ ಸುದ್ದಿ ಬಂದಾಗ ಇನ್ನೊಂದು ಬ್ಯಾರನ್ ತುಂಬ್ತಿದ್ವಿ. ನಾನೂ ಬೆಳಗ್ಗೆಯಿಂದ ಕಟ್ಟುತ್ತಿದ್ದೆ, ಬೆರಳೆಲ್ಲ ಸೊಪ್ಪಿನ ಅಂಟು. ಅಜ್ಜಿ ಬಾಯ್ತುಂಬ ನಕ್ಕಳು. "ನೋಡ್ದಾ, ಅವತ್ತು ನೀನು ಹೊರಗಾಗಿದ್ದೇ ಒಳ್ಳೇದಾಯ್ತು ಕಣೇ."

"ಅವತ್ತು ಆಗಿರ್ಲಿಲ್ಲ ಕಣಜ್ಜಿ. ಇವತ್ತು ಆಗಿದೀನಿ."

ಎಲ್ಲರ ಕೈಗಳೂ ನಿಂತವು. ನಾನು ಮಾತ್ರ ಕಟ್ಟುತ್ತಲೇ ಇದ್ದೆ. ಅಜ್ಜಿ ಬಾಯಿ ತೆರೆಯೋ ಮೊದಲೇ ಅಮ್ಮ ಅಂದಳು, "ಅವಳ ಕಡ್ಡಿ ಮುಗೀತು. ಇನ್ನೊಂದ್ ಕೊಡ್ರಿ ಇತ್ಲಾಗೆ."