ಪಾಳುಮನೆಗೆ ಖೇಣಿದಾರ ಕಟ್ಟಿದ ಬೆಲೆ

ನಮ್ಮ ಯಜಮಾನರು ಪಂಚಾಕ್ಷರಪ್ಪನವರು ಮೂವತ್ತೈದು ವರ್ಷದಿಂದ ಅಡಿಕೆ ಖೇಣಿ ಹಿಡಿಯುವವರು. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ: ಅಡಿಕೆ ಇನ್ನೂ ಮರದ ಮೇಲಿರುವಾಗಲೇ ತೋಟದೊಳಗೆ ಒಂದು ಸುತ್ತು ಹಾಕಿ, ಕತ್ತೆತ್ತಿ ಗೊನೆ ನೋಡಿ, ಇಡೀ ಫಸಲಿಗೆ ಇಷ್ಟು ಎಂದು ಬೆಲೆ ಕಟ್ಟಿ ಕೊಳ್ಳುವುದೇ ಖೇಣಿ. ಅರ್ಧ ವಿದ್ಯೆ ಕಣ್ಣಿನದು, ಉಳಿದರ್ಧ ಬಾಯಿಯದು. ಸಂತೇಬೆನ್ನೂರಿನಿಂದ ಸವಳಂಗದವರೆಗೆ ಇವರು ಹೊಗಳಿದ ತೋಟ ಒಂದಿದ್ದರೆ ತೋರಿಸಿ, ನನ್ನ ಮಾತು ವಾಪಸು ತೆಗೆದುಕೊಳ್ಳುತ್ತೇನೆ. "ಗೊನೆ ಸಣ್ಣವು", "ಎಳೇ ಹರಳು ಉದುರೈತೆ", "ನೀರು ಸಾಲದು", ಬಾಯಿ ತೆರೆದರೆ ಇದೇ. ನನ್ನನ್ನು ನೋಡಲು ಬಂದ ದಿನವೇ ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದು "ಒಗ್ಗರಣೆ ಸೀದೈತೆ" ಎಂದ ಪುಣ್ಯಾತ್ಮರು ಇವರು. ತಟ್ಟೆ ಮಾತ್ರ ಖಾಲಿ ಮಾಡಿದ್ದರು.

ಇಂಥವರಿಗೆ ನಮ್ಮ ಮಾವನವರ ಹಳೇ ಮನೆಗೆ ಬೆಲೆ ಕಟ್ಟುವ ಕೆಲಸ ಬಂತು. ಚನ್ನಗಿರಿಯ ಕೋಟೆ ಕಡೆಯ ಓಣಿಯಲ್ಲಿರುವ ಆ ಮನೆಗೆ ಬೀಗ ಬಿದ್ದು ಹನ್ನೆರಡು ವರ್ಷವಾಗಿತ್ತು. ಹಿಂದಿನ ಗೋಡೆ ಕುಸಿದಿತ್ತು, ಪಡಸಾಲೆಯಲ್ಲಿ ಎಕ್ಕದ ಗಿಡ ಹೂ ಬಿಟ್ಟಿತ್ತು. ಖಾತೆ ಇವರು, ಇವರ ತಂಗಿ ಕೊಟ್ರಮ್ಮ, ಇಬ್ಬರ ಹೆಸರಲ್ಲೂ ಇತ್ತು.

ಕೊಟ್ರಮ್ಮನನ್ನು ಜಗಳೂರಿನ ಹತ್ತಿರ ಸೊಕ್ಕೆಗೆ ಕೊಟ್ಟದ್ದು. ಗಂಡ ತೀರಿಕೊಂಡ ಮೇಲೆ ಜಗಳೂರಿನಲ್ಲಿ ಒಂದು ಮಳಿಗೆ ಬಾಡಿಗೆಗೆ ಹಿಡಿದು ಜೋಳದ ರೊಟ್ಟಿ ಮಾಡಿ ಮಾರುತ್ತಿದ್ದಳು. ಮಳಿಗೆಯವರು ಎರಡು ತಿಂಗಳಲ್ಲಿ ಖಾಲಿ ಮಾಡು ಎಂದರು. ಬೆಳಗಿನ ಬಸ್ಸಿಗೇ ಚನ್ನಗಿರಿಯ ನಮ್ಮ ಮನೆಗೆ ಬಂದಳು.

"ಅಣ್ಣ, ಹಳೇ ಮನೆ ನೀನೇ ಇಟ್ಕೊ. ನನ್ನ ಅರ್ಧಕ್ಕೆ ಎಷ್ಟಾಗುತ್ತೋ ಅಷ್ಟು ಕೊಟ್ಟುಬಿಡು. ರೊಟ್ಟಿ ಹಾಕಾಕೆ ಎಲ್ಲಾದ್ರೂ ಒಂದು ಸ್ವಂತ ಜಾಗ ಮಾಡ್ಕೊಂತೀನಿ. ಪಕ್ಕದ ಮನೆ ಮೂವತ್ತು ಲಕ್ಷಕ್ಕೆ ಹೋತಂತಲ್ಲ."

"ಮೂವತ್ತಾ! ಯಾರಮ್ಮ ಹೇಳಿದ್ರು ನಿಂಗೆ? ಅದು ಮನೆ, ಇದು ಮಣ್ಣುಗುಡ್ಡೆ. ನಡಿ, ಕಣ್ಣಾರೆ ನೋಡೇ ಬಿಡು."

ಸ್ವಂತ ತಂಗಿ ಅನ್ನುವುದನ್ನಾದರೂ ನೋಡಬಾರದೆ? ನನಗೆ ಮೈ ಉರಿಯಿತು. ನಾನೂ ಹಿಂದೆ ಹೊರಟೆ.

ಬೀಗ ತೆಗೆದಿದ್ದೇ ತಡ, ಇವರು ಟವಲ್ಲು ಹೆಗಲಿಗೇರಿಸಿ ತೋಟ ಹೊಕ್ಕವರ ಹಾಗೆ ಕತ್ತೆತ್ತಿಕೊಂಡು ನಡೆದರು. "ತೊಲೆ ನೋಡು, ಗೆದ್ದಲು ತಿಂದೈತೆ."

"ಹೌದಣ್ಣ, ಪೂರ್ತಿ ಟೊಳ್ಳು," ಅಂದಳು ಕೊಟ್ರಮ್ಮ.

"ಹೆಂಚು ಒಂದೂ ನೆಟ್ಟಗಿಲ್ಲ."

"ಎಲ್ಲೈತೆ ನೆಟ್ಟಗೆ? ಬಾವೀನೂ ಹೂಳು ತುಂಬೈತೆ. ಹಿತ್ತಲಾಗೆ ಹಾವು ಬೇರೆ ಐತಂತೆ."

ಇವರು ಒಂದು ಗಳಿಗೆ ತಬ್ಬಿಬ್ಬಾದರು. ಖೇಣಿಯಲ್ಲಿ ತೋಟದವನು ಹೊಗಳಬೇಕು, ಇವರು ತೆಗಳಬೇಕು, ಜಗ್ಗಾಡಿ ಜಗ್ಗಾಡಿ ನಡುವೆ ಎಲ್ಲೋ ನಿಲ್ಲಬೇಕು. ಎದುರಿನವರೇ ತೆಗಳತೊಡಗಿದರೆ ಎಲ್ಲಿ ನಿಲ್ಲಬೇಕೆಂದು ಇವರಿಗೆ ಯಾರೂ ಕಲಿಸಿರಲಿಲ್ಲ. ಬಾಗಿಲಲ್ಲಿ ಹದಿನೈದು ಲಕ್ಷ ಅಂದಿದ್ದವರು ಪಡಸಾಲೆಗೆ ಬರುವಷ್ಟರಲ್ಲಿ ಹನ್ನೆರಡಕ್ಕಿಳಿದರು, ಬಚ್ಚಲ ಹತ್ತಿರ ಹತ್ತು ಅಂದರು, ಕುಸಿದ ಗೋಡೆಯ ಮುಂದೆ ನಿಂತು, "ಎಂಟು. ಎಂಟರ ಮೇಲೆ ಒಂದು ರೂಪಾಯಿ ಬಾಳಲ್ಲ ಇದು. ಇದೇ ಕೊನೇ ರೇಟು," ಅಂದರು. ಮುಖದಲ್ಲಿ ಏನು ಕಳೆ!

"ಎಂಟಾ?" ಕೊಟ್ರಮ್ಮ ಸೆರಗು ಬಿಗಿದುಕೊಂಡಳು. "ಆತು ಬಿಡಣ್ಣ. ನಿನ್ನ ಅರ್ಧ ನಾಲ್ಕು ಲಕ್ಷ. ರೊಟ್ಟಿ ಮಾರಿ ಅಷ್ಟು ಕೂಡಿಟ್ಟೀನಿ. ಚೆಕ್ ಕೊಡ್ತೀನಿ, ಮನೆ ನನ್ನ ಹೆಸರಿಗೆ ಮಾಡು. ಇಲ್ಲೇ ರೊಟ್ಟಿ ಹಾಕ್ತೀನಿ."

ಅಯ್ಯೋ, ಆಗ ಇವರ ಮುಖವನ್ನು ನೀವು ನೋಡಬೇಕಿತ್ತು! ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ಅವಳು ಬಸ್ಸಿನಲ್ಲೇ ಯೋಚಿಸಿಕೊಂಡು ಬಂದಿದ್ದಳೋ, ಅಲ್ಲೇ ಹೊಳೆಯಿತೋ, ಇವತ್ತಿಗೂ ನನಗೆ ಹೇಳಿಲ್ಲ.

"ತಡಿ ತಡಿ," ಎಂದು ಇವರು ವಾಪಸು ತಿರುಗಿದರು. ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ ಇವರ ಬಾಯಲ್ಲಿ ಹೊಗಳಿಕೆ ಕೇಳಿದೆ. "ತೊಲೆ ಮೇಲ್ಗಡೆ ಮಾತ್ರ ಗೆದ್ದಲು ಕಣಮ್ಮ, ಒಳಗೆ ಖಾಸಾ ತೇಗ. ಬಾವಿ ಹೂಳು ತೆಗೆಸಿದ್ರೆ ಬೇಸಿಗೇಲೂ ನೀರು. ಹದಿನೆಂಟಕ್ಕೆ ಏನೂ ಮೋಸ ಇಲ್ಲ. ಇಪ್ಪತ್ತು ಅನ್ನು." ಹೊಗಳುತ್ತ ಹೊಗಳುತ್ತ ಅಡಿಗೆಮನೆಗೆ ಬಂದರು. "ಈ ಒಲೆ ನೋಡು, ಒಂದು ಬಿರುಕಿಲ್ಲ. ಅವ್ವ ಇಲ್ಲೇ ಅಲ್ಲೇನೆ ನಿಂಗೆ ರೊಟ್ಟಿ ತಟ್ಟಾಕೆ ಕಲಿಸಿದ್ದು? ಮೊದಲ್ನೇ ರೊಟ್ಟಿ ಹರಿದು ಹೋತು ಅಂತ ನೀನು ಅಳ್ತಾ ಕುಂತಿದ್ದೆ. ಅದನ್ನ ನಾನೇ ತಿಂದೆ..."

"ಈಗ ಎಂಟು ಲಕ್ಷ ಅಂದ್ಯಲ್ಲ ಅಣ್ಣ," ಅಂದಳು ಕೊಟ್ರಮ್ಮ, ದನಿ ಎತ್ತರಿಸದೆ. "ಅದ್ರಾಗೆ ಈ ಒಲೆಗೆ ಎಷ್ಟು ಹಾಕಿದ್ದೆ?"

ಮೂವತ್ತೈದು ವರ್ಷ ಎಲ್ಲದಕ್ಕೂ ಥಟ್ಟನೆ ಬೆಲೆ ಹೇಳಿದವರು ಹೆಗಲ ಮೇಲಿನ ಟವಲ್ಲು ತೆಗೆದು ಮುಖ ಒರೆಸಿಕೊಂಡರು. ಆಮೇಲೆ ಅದರಲ್ಲೇ ಒಲೆಕಟ್ಟೆಯ ಧೂಳನ್ನೂ ಒರೆಸಿದರು. ನನ್ನ ನಗುವೂ ಅಲ್ಲಿಗೇ ನಿಂತಿತು.

"ನಡಿ, ಪತ್ರ ಬರೆಸಾನ," ಅಂದರು.

ಮುಂದಿನ ವಾರವೇ ನೋಂದಣಿ ಆಯಿತು. ಹಾಗಾದರೆ ನಾಲ್ಕು ಲಕ್ಷ ಬೇಡ ಅಂದುಬಿಟ್ಟರೇನೋ ಎಂದು ನೀವು ತಿಳಿದಿದ್ದರೆ, ನಿಮಗೆ ಖೇಣಿದಾರರ ಪರಿಚಯವಿಲ್ಲ. ಚೆಕ್ಕನ್ನು ಕೈ ಚಾಚಿ ತೆಗೆದುಕೊಂಡರು, ಹೆಸರು ಸರಿಯಾಗಿದೆಯೇ ಎಂದು ಎರಡೆರಡು ಸಲ ನೋಡಿದರು, ಮಡಚಿ ಅಂಗಿ ಜೇಬಿಗಿಟ್ಟರು.

ಅಂಗಿ ಒಗೆಯುವಾಗೆಲ್ಲ ಅದನ್ನು ತೆಗೆದು ಮತ್ತೊಂದು ಅಂಗಿಯ ಜೇಬಿಗಿಡುವುದು ನಾನೇ. ಮೂರು ತಿಂಗಳು ದಾಟಿದರೆ ಚೆಕ್ಕು ನಡೆಯುವುದಿಲ್ಲ ಎಂಬುದು ಅವರಿಗೂ ಗೊತ್ತು. ದಿನಾ ಬ್ಯಾಂಕಿನ ಮುಂದೆಯೇ ಓಡಾಡುತ್ತಾರೆ. ಇನ್ನು ಒಂಬತ್ತು ದಿನ ಉಳಿದಿದೆ. ಕೊಟ್ರಮ್ಮನಿಗೆ ಹೇಳಬೇಡ ಎಂದಿದ್ದಾರೆ.