ಬಾಳೆಲೆಯ ರೈಲು

ನಮ್ಮ ಯಜಮಾನರು ಕೆಲಸ ಮಾಡುತ್ತಿದ್ದ ಮೆಸ್ಸು ಮದ್ರಾಸಿನ ತ್ರಿಪ್ಲಿಕೇನಿನಲ್ಲಿ, ನಾವಿದ್ದ ವಠಾರದಿಂದ ಎರಡೇ ಬೀದಿ ಆಚೆ. ಊಟಕ್ಕೆ ಬರುತ್ತಿದ್ದವರು ಹೆಚ್ಚಾಗಿ ಕಾಲೇಜಿನ ಹುಡುಗರು, ಕಚೇರಿಯ ಗುಮಾಸ್ತರು. ಅಷ್ಟು ಜನಕ್ಕೂ ಬಾಳೆಲೆ ಒದಗಿಸುವುದು ಇವರ ಜವಾಬ್ದಾರಿ. ಮದುವೆಯ ತಿಂಗಳುಗಳಲ್ಲಿ ಪೇಟೆಯಲ್ಲಿ ಒಳ್ಳೆಯ ಎಲೆ ಸಿಗುವುದೇ ಕಷ್ಟ, ಸಿಕ್ಕಿದರೂ ಅರ್ಧ ಹರಿದದ್ದು. ಹಾಗಾಗಿ ಮೆಸ್ಸಿನ ಧಣಿಗಳು ಇವರನ್ನು ಹಳ್ಳಿಗೇ ಕಳಿಸತೊಡಗಿದರು. ಎಗ್ಮೋರಿನಲ್ಲಿ ರೈಲು ಹತ್ತಿ, ಜಂಕ್ಷನ್ನಿನಲ್ಲಿ ಇಳಿದು, ಅಲ್ಲಿಂದ ಕವಲು ಹಾದಿಯ ಸಣ್ಣ ರೈಲು ಹಿಡಿದರೆ ಆ ತೋಟದ ಊರು. ವಾರಕ್ಕೆ ಎರಡು ಸಲ ಹೋಗುತ್ತಿದ್ದರು. ಅರುವತ್ತರ ಆಸುಪಾಸಿನ ಮಾತು ಇದು.

'ತೋಟದವರು' ಎಂದು ಇವರು ಹೇಳುತ್ತಿದ್ದಾಗಲೆಲ್ಲ ನಾನು ಮೀಸೆ ಬಿಟ್ಟ ಒಬ್ಬ ಮುದುಕನನ್ನು ಮನಸ್ಸಿನಲ್ಲಿ ಕೂರಿಸಿಕೊಂಡಿದ್ದೆ. ಒಂದು ದಿನ ಊಟಕ್ಕೆ ಕೂತವರು, "ಆಕೆ ಭಾರೀ ಗಟ್ಟಿ ಹೆಂಗಸು ಮಾರಾಯ್ತಿ," ಎಂದರು. ಸಾರು ಬಡಿಸುತ್ತಿದ್ದ ಸೌಟು ನನ್ನ ಕೈಯಲ್ಲೇ ನಿಂತಿತು.

"ಯಾರು?"

"ತೋಟದವಳು. ಗಂಡ ತೀರಿಹೋಗಿ ಎಷ್ಟೋ ವರ್ಷ ಆಯ್ತು, ಒಬ್ಬಳೇ ನೋಡಿಕೊಳ್ತಾಳೆ. ಆ ರೈಲಿನ ಹಳಿಯ ಅಡಿಯ ಮರ ಎಲ್ಲ ಕುಂಬಾಗಿ ಪುಡಿಪುಡಿಯಾಗಿ ಹೋಗಿದೆ, ಗೊತ್ತುಂಟಾ? ನಿನ್ನೆ ಆಕೆ ಒಂದು ಮೊಳೆಯನ್ನು ಬೆರಳಲ್ಲೇ ಕಿತ್ತು ತಂದು ಸ್ಟೇಷನ್ ಮಾಸ್ಟರರ ಮೇಜಿನ ಮೇಲೆ ಇಟ್ಟಳು. ಅವರು, ಸರಕಾರದ ಸೊತ್ತು ಕೀಳಬಾರದು, ವಾಪಸು ಇಟ್ಟು ಬಾ ಅಂದರು. ಇಟ್ಟರೆ ನಿಲ್ತದಾದರೆ ನೀವೇ ಇಟ್ಟು ಬನ್ನಿ ಅಂದಳು."

ಹೇಳಿ ತಾವೇ ನಕ್ಕರು. ಆ ನಗು ನಮ್ಮ ಅಡುಗೆಮನೆಯಲ್ಲಿ ನಾನು ಕಂಡದ್ದಲ್ಲ. ಕುದಿಯುವ ಪಾತ್ರೆಯನ್ನು ಸೆರಗಿನ ತುದಿಯಲ್ಲಿ ಹಿಡಿದು ದಿನಾ ಇಳಿಸುವವಳು ನಾನು. ಅದನ್ನು ಯಾರೂ ಯಾವ ಊಟದ ಹೊತ್ತಿನಲ್ಲಿಯೂ ಹೇಳಿ ನಕ್ಕದ್ದಿಲ್ಲ.

ಆ ಹಳಿಯ ವಿಷಯ ಸುಳ್ಳೇನೂ ಆಗಿರಲಿಲ್ಲ. ಅದೇ ಹಾದಿಯಲ್ಲಿ ಗೂಡ್ಸಿನ ಒಂದು ಡಬ್ಬಿ ಗದ್ದೆಗೆ ಮಗುಚಿ ಬಿದ್ದು ವಾರವಿಡೀ ಅಲ್ಲೇ ಇತ್ತಂತೆ. ಊರವರು ಸೇರಿ ಅರ್ಜಿ ಕೊಟ್ಟರೆ ಮೇಲಿನವರಿಗೆ ಬರೆದಿದ್ದೇವೆ ಎಂಬ ಉತ್ತರ. ಮೆಸ್ಸಿಗೆ ಬರುವ ಗುಮಾಸ್ತರು ಪತ್ರಿಕೆಯಲ್ಲಿ ಬಂದ ಓದುಗರ ದೂರುಗಳನ್ನು ಗಟ್ಟಿಯಾಗಿ ಓದಿ ಚರ್ಚಿಸುತ್ತಿದ್ದರು. ಇದನ್ನೆಲ್ಲ ಹಿಡಿದುಕೊಂಡು ನಾನು ಇವರ ಹಿಂದೆ ಬಿದ್ದೆ.

"ಆ ರೈಲಿಗೆ ಇನ್ನು ಹೋಗುವುದು ಬೇಡ. ಪೇಟೆಯ ಎಲೆಯೇ ಸಾಕು."

"ಊರಿಗೆ ಊರೇ ಅದರಲ್ಲಿ ಹೋಗ್ತದೆ. ನಾನೊಬ್ಬ ಎಂತ ದೊಡ್ಡವ?"

ಬೆಳಿಗ್ಗೆ ನೀರಿನ ನಲ್ಲಿಯ ಹತ್ತಿರ ಈ ಸಂಕಟ ಹೇಳಿಕೊಂಡೆ. ಮೇಲಿನ ಮನೆಯ ಅಜ್ಜಿ, ಅವರೂ ನಮ್ಮ ಉಡುಪಿ ಕಡೆಯವರೇ, ಕೊಡವನ್ನು ನಲ್ಲಿಯ ಕೆಳಗೆ ತಳ್ಳುತ್ತಾ ಕೇಳಿದರು: "ನಿನಗೆ ಹೆದರಿಕೆ ರೈಲಿನದ್ದಾ ಮಗಾ, ತೋಟದ್ದಾ?"

ಸುತ್ತ ನಿಂತವರೆಲ್ಲ ನಕ್ಕರು. ನಾನು ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ಬಂದೆ.

ಒಂದು ದಿನ ಮಕ್ಕಳನ್ನು ಅದೇ ಅಜ್ಜಿಯ ಬಳಿ ಬಿಟ್ಟು ನಾನೂ ಹೊರಟು ನಿಂತೆ.

"ಎಲೆ ನೋಡ್ಲಿಕ್ಕೆ ನೀನು ಬರಬೇಕಾ?" ಎಂದರು.

"ರೈಲು ನೋಡ್ಲಿಕ್ಕೆ," ಎಂದೆ.

ಕವಲು ಹಾದಿಯ ಆ ರೈಲು ಹೊರಟಿತೆಂದರೆ ಎಡಕ್ಕೂ ಬಲಕ್ಕೂ ವಾಲುತ್ತಿತ್ತು. ಹೆಂಗಸರು ಬುಟ್ಟಿಗಳನ್ನು ಮೇಲಿನ ಹಲಗೆಯಲ್ಲಿ ಇಡದೆ ಮಡಿಲಲ್ಲೇ ಇಟ್ಟುಕೊಂಡಿದ್ದರು. ನೀರು ಹರಿಯುವ ಸಣ್ಣ ಸೇತುವೆಯಂಥ ಒಂದು ಮೋರಿ ಹತ್ತಿರ ಬಂದಾಗ ರೈಲು ಮನುಷ್ಯರ ನಡಿಗೆಗಿಂತ ನಿಧಾನವಾಯಿತು. ಮಾತೆಲ್ಲ ನಿಂತಿತು. ಎದುರು ಕೂತಿದ್ದ ತಾಯಿಯೊಬ್ಬಳು ಮಲಗಿದ್ದ ಮಗುವನ್ನು ಎಬ್ಬಿಸಿ ಸೊಂಟಕ್ಕೇರಿಸಿಕೊಂಡಳು; ಮೋರಿ ದಾಟಿದ ಮೇಲೆ ಮತ್ತೆ ಮಲಗಿಸಿದಳು. ಒಲೆಯ ಹಾಲು ಇಳಿಸಿದಷ್ಟು ಸಹಜವಾಗಿ ಮಾಡಿದಳು. ಕಿಟಕಿಯಿಂದ ಬಗ್ಗಿ ನೋಡಿದರೆ ಜಲ್ಲಿ ಕೊಚ್ಚಿ ಹೋಗಿ ಮರದ ತುದಿಗಳು ಹಲ್ಲಿನಂತೆ ಹೊರಗೆ ಕಾಣುತ್ತಿದ್ದವು. ನಾನು ಇವರ ತೋಳು ಹಿಡಿದುಕೊಂಡೆ. ಇವರು ಊರು ಬಂತೇ ಎಂದು ಆಚೆಗೆ ನೋಡುತ್ತಿದ್ದರು.

ತೋಟದವಳು ಮುದುಕಿಯಾಗಿರಲಿಲ್ಲ, ಕುರೂಪಿಯೂ ಅಲ್ಲ. ಎರಡರಲ್ಲಿ ಒಂದಾಗಿದ್ದರೂ ನನಗೆ ಸುಲಭವಾಗುತ್ತಿತ್ತು. ನನ್ನದೇ ವಯಸ್ಸು. "ವಾಂಗಮ್ಮಾ," ಎಂದು ಬಾಯಿ ತುಂಬ ಕರೆದು ಚಾಪೆ ಹಾಸಿದಳು, ಎಳನೀರು ತಂದಿಟ್ಟಳು. ಕತ್ತಿಗಾಗಿ ಅವಳು ತಿರುಗುವ ಮೊದಲೇ ಇವರು ಸೂರಿನ ಸಂದಿಗೆ ಕೈ ಹಾಕಿ, ಆ ಕಡೆ ನೋಡದೆಯೇ, ಕತ್ತಿ ತೆಗೆದುಕೊಟ್ಟರು. ನಮ್ಮ ಮನೆಯಲ್ಲಿ ಉಪ್ಪಿನ ಭರಣಿ ಎಲ್ಲಿದೆಯೆಂದು ಇವತ್ತಿಗೂ ಗೊತ್ತಿಲ್ಲದವರು. ಆ ಎಳನೀರು ಬಹಳ ಸಿಹಿಯಾಗಿತ್ತೆಂದು ದಾರಿಯುದ್ದಕ್ಕೂ ಹೇಳಿದರು. ನನಗೆ ಅದರ ರುಚಿ ನೆನಪಿಲ್ಲ.

"ಆ ಮೋರಿ ಒಂದು ದಿನ ಕುಸಿದು ಹೋಗ್ತದೆ," ಎಂದೆ ಬರುವಾಗ. "ಮಕ್ಕಳ ಮುಖ ನೋಡಿಯಾದರೂ ಬಿಟ್ಟುಬಿಡಿ."

"ನೀನು ಮೋರಿ ನೋಡಿದ್ದಾ, ಅವಳನ್ನು ನೋಡಿದ್ದಾ?"

ಎರಡನ್ನೂ ನೋಡಿದ್ದೆ. ಎಗ್ಮೋರಿನವರೆಗೂ ಎರಡೂ ಕಣ್ಣಿಗೆ ಕಟ್ಟಿದ ಹಾಗೆ ಇದ್ದವು.

ದೀಪಾವಳಿಯ ಹೊತ್ತಿಗೆ ಮಳೆ ಹಿಡಿಯಿತು. ಮದ್ರಾಸಿನ ಮಳೆ ಬಂದರೆ ಒಮ್ಮೆಲೇ ಬರುವುದು; ನಮ್ಮ ಬೀದಿಯಲ್ಲೇ ಮೊಣಕಾಲು ನೀರು. ಆ ಮೋರಿಯ ಕೆಳಗೆ ಎಷ್ಟು ನೀರು ಹರಿಯುತ್ತಿರಬಹುದು ಎಂದು ಯೋಚಿಸಿಕೊಂಡೇ ಅಕ್ಕಿ ತೊಳೆಯುತ್ತಿದ್ದೆ. ಬೇಡಿಕೊಂಡೆ, ಜಗಳವಾಡಿದೆ, ಒಂದು ಹೊತ್ತು ಊಟ ಬಿಟ್ಟೂ ನೋಡಿದೆ. ಕೊಡೆ ಹಿಡಿದುಕೊಂಡು ಹೋದರು. ಆ ಊರಿನವರು ಹಳಿ ಸರಿ ಮಾಡಿಸಿ ಎಂದು ಸ್ಟೇಷನ್ನಿನ ಮುಂದೆ ಮಳೆಯಲ್ಲೇ ಕೂತಿದ್ದರಂತೆ, ಎಲ್ಲರಿಗಿಂತ ಮುಂದೆ ಆಕೆ. ಅದನ್ನೂ ಬಂದು ಹೇಳಿದರು.

ಮುಂದಿನ ವಾರ ಸಂಜೆ ಬಂದವರು ಒದ್ದೆ ಅಂಗಿ ಬಿಚ್ಚುತ್ತಾ, "ಇನ್ನು ನಾನು ಸಣ್ಣ ರೈಲಿಗೆ ಹೋಗುವುದಿಲ್ಲ," ಎಂದರು. "ಜಂಕ್ಷನ್ ತನಕ ಹೋದರೆ ಸಾಕು. ಆಕೆಯೇ ಎಲೆಯ ಕಟ್ಟು ಅಲ್ಲಿಗೆ ತರ್ತಾಳೆ."

ನನ್ನ ಎದೆಯ ಭಾರ ಇಳಿಯಿತು. ಬಿಸಿ ಕಾಫಿ ಕೈಗಿಟ್ಟು, "ನಾನು ಹೇಳಿದ್ದು ಕೊನೆಗೂ ಕಿವಿಗೆ ಬಿತ್ತಲ್ಲ," ಎಂದೆ.

"ನೀನಲ್ಲ, ಆಕೆ ಹೇಳಿದ್ದು. ವೇಂಡಾಂ ಸಾಮಿ, ಈ ಮಳೆಯಲ್ಲಿ ಈ ರೈಲು ನಿಮಗೆ ಬೇಡ, ಮನೆಯಲ್ಲಿ ಆ ಅಮ್ಮ ಹೆದರಿಕೊಂಡು ಕೂತಿರ್ತಾರೆ, ಮಕ್ಕಳಿದ್ದಾರೆ ಅಂದಳು. ಹೌದಲ್ಲ ಅನ್ನಿಸಿತು."

"ನಾನೂ ಅದನ್ನೇ ಅಲ್ವಾ ಹೇಳಿದ್ದು, ಇಷ್ಟು ತಿಂಗಳು?"

"ನಿನ್ನದು ಹೊಟ್ಟೆಕಿಚ್ಚು. ಆಕೆ ಹಳಿ ನೋಡಿ ಹೇಳಿದ್ದು."

ಬೇರೆ ಯಾವ ಕಾರಣ ಕೊಟ್ಟು ಇವರನ್ನು ನಿಲ್ಲಿಸಿದ್ದರೂ ನಾನು ಸಹಿಸಿಕೊಳ್ಳುತ್ತಿದ್ದೆ. ನನ್ನನ್ನೇ ಮುಂದಿಟ್ಟು, ನನ್ನದೇ ಮಾತನ್ನು ಒಂದು ಸಲ ಹೇಳಿ ಗೆದ್ದಳು. ಆ ರಾತ್ರಿ ನಾನು ಊಟ ಮಾಡಿದೆ, ಆದರೆ ಇವರ ಜೊತೆ ಕೂರಲಿಲ್ಲ.

ಮುಂದಿನ ಸಲ ಎಲೆ ತರುವ ದಿನ ಬಂತು, ಜೋರು ಮಳೆ. ಇವರು ಹೊರಟ ಮೇಲೆ ಥಟ್ಟನೆ ಹೊಳೆಯಿತು: ಇವರು ಕೂರಬೇಕಾಗಿದ್ದ ಜಾಗದಲ್ಲಿ, ಮಡಿಲ ತುಂಬ ಎಲೆ ಇಟ್ಟುಕೊಂಡು, ಈಗ ಆ ಮೋರಿಯ ಮೇಲೆ ಅವಳು ಹೋಗುತ್ತಿರುತ್ತಾಳೆ.

ಸಂಜೆ ಇವರು ಮೆಟ್ಟಿಲು ಹತ್ತುವಾಗಲೇ ಕೇಳಿದೆ, "ಆಕೆ ಬಂದಿದ್ದಳಾ?"

"ಇನ್ನೂ ಬಿಡಲಿಲ್ಲವಾ ನೀನು?" ಎಂದು ನಕ್ಕರು.

"ಬಂದಿದ್ದಳೋ ಇಲ್ಲವೋ, ಅಷ್ಟು ಹೇಳಿ."

"ಬಂದಿದ್ದಳು. ರೈಲು ತಡ."

ಬೇಸಗೆಯಲ್ಲಿ ಕೂಲಿಗಳು ಬಂದು ಹಳಿಯ ಅಡಿಗೆ ಹೊಸ ಮರ ಹಾಕುವ ತನಕ ವಾರಕ್ಕೆ ಎರಡು ಸಲ ಇದನ್ನೇ ಕೇಳಿದೆ. ಪ್ರತಿ ಸಲವೂ ಬಂದಿದ್ದಳು ಎಂಬ ಮಾತೇ ನನಗೆ ಬೇಕಾಗಿತ್ತು. ಅದು ಕಿವಿಗೆ ಬಿದ್ದೊಡನೆ ಮೈ ಉರಿಯುತ್ತಿತ್ತು.