ಲೋಕಲ್‌ನವರು ಬೇಡ

ಬಿಡದಿಯ ಕಾರ್ಖಾನೆಯೊಂದಕ್ಕೆ ಕೆಲಸಗಾರರನ್ನು ಒದಗಿಸುವ ಗುತ್ತಿಗೆದಾರರೂ ಅವರ ಪಟ್ಟಿಗೆ ಕಣ್ಣುಮುಚ್ಚಿ ಸಹಿ ಹಾಕುವ ಆಡಳಿತದವರೂ ಸೇರಿ ನನ್ನ ಅಕ್ಕನಿಂದ ಆಕೆಯ ಊರನ್ನು ಕಸಿದುಕೊಂಡರು. ಇದು ನನ್ನ ನೇರ ಆರೋಪ. ಓದುಗರೇ, ಇದನ್ನು ಸಿಟ್ಟಿನ ಮಾತೆಂದು ಬದಿಗಿಡುವ ಮೊದಲು ನನ್ನೊಡನೆ ಸ್ವಲ್ಪ ಹೊತ್ತು ಕುಳಿತುಕೊಳ್ಳಿ.

ಇಂದು ಬೆಳಿಗ್ಗೆ ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನುತ್ತಿದ್ದೆ. ಎದುರಿನ ಕಂಬದ ಮೇಲೆ ಹೊಸ ಚೀಟಿಯೊಂದು ಅಂಟಿತ್ತು. ಮೇಲೆ ಅಚ್ಚಾದ ದಪ್ಪಕ್ಷರದಲ್ಲಿ ‘ಆಪರೇಟರ್‌ಗಳು ಬೇಕಾಗಿದ್ದಾರೆ’ ಎಂದಿತ್ತು. ಕೆಳಗೆ ಯಾರೋ ಪೆನ್ನಿನಿಂದ ಸೇರಿಸಿದ್ದರು: ‘ಲೋಕಲ್‌ನವರು ಬೇಡ.’ ನಾನು ಅದನ್ನೇ ನೋಡುತ್ತಿರುವುದನ್ನು ಕಂಡ ಹೋಟೆಲಿನವರು, “ಅದೇನ್ ಹೊಸ್ದಾ ಸಾರ್? ಇಡ್ಲಿ ಆರೋಗ್ತೈತೆ, ತಿನ್ನಿ” ಎಂದರು. ಹೊಸದಲ್ಲ, ನಿಜ. ಹಳೆಯದಾಗಿರುವುದೇ ಅದರ ಅಪರಾಧ.

ವಿಶ್ವವಿದ್ಯಾನಿಲಯದಲ್ಲಿ ಕಲಿತ ಚಾಳಿ, ಯಾವ ಪದ ಕಾಡಿದರೂ ಮೊದಲು ನಿಘಂಟು ತೆಗೆಯುತ್ತೇನೆ. ‘ಲೋಕಲ್’ ಎಂದರೆ ಸ್ಥಳೀಯ. ಆ ಜಾಗಕ್ಕೆ ಸೇರಿದ್ದು. ಅದರಲ್ಲಿ ಕೀಳೆನ್ನುವ ಸುಳಿವೇ ಇಲ್ಲ. ಆದರೆ ರಾಮನಗರದ ಅಂಗಡಿಯಲ್ಲಿ ಒಂದು ಸ್ವಿಚ್ಚು ಕೇಳಿ ನೋಡಿ: “ಕಂಪ್ನೀದು ಕೊಡ್ಲಾ, ಲೋಕಲ್ ಸಾಕಾ?” ಹಲ್ಲು ಕೀಳುವ ಡಾಕ್ಟರು ವಸಡಿಗೆ ಮರಗಟ್ಟಿಸುವ ಸೂಜಿ ಚುಚ್ಚಿ, ಲೋಕಲ್ ಕೊಟ್ಟಿದ್ದೀನಿ, ನೋವಾಗಲ್ಲ ಎನ್ನುತ್ತಾರೆ. ಚುನಾವಣೆ ಬಂದರೆ ಮಾತ್ರ ಅದೇ ಪದಕ್ಕೆ ಹಾರ ಬೀಳುತ್ತದೆ: ಲೋಕಲ್ ಕ್ಯಾಂಡಿಡೇಟ್, ನಮ್ಮೋನು!

ನಾನೂ ಶುದ್ಧನಲ್ಲ. ಆರು ವರ್ಷದವನಿದ್ದಾಗ ದೊಡ್ಡಪ್ಪ ಚನ್ನಪಟ್ಟಣದಿಂದ ಅರಗಿನ ಬಣ್ಣ ಹಚ್ಚಿದ ಮರದ ರೈಲು ತಂದರೆ, ಪಕ್ಕದ ಮನೆಯ ಹುಡುಗನ ಬ್ಯಾಟರಿ ಕಾರು ನೆನೆದು, “ಇದು ಲೋಕಲ್ಲು, ನಂಗೆ ಬ್ಯಾಡ” ಎಂದು ನೆಲದಲ್ಲಿ ಹೊರಳಾಡಿದ್ದೆ. “ಲೋಕಲ್ಲು ಅಂದ್ರೇನ್ಲಾ?” ಎಂದು ದೊಡ್ಡಪ್ಪ ಕೇಳಿದರು. ನನಗೆ ಗೊತ್ತಿರಲಿಲ್ಲ. ಮುಂದೆ ಹಾಸ್ಟೆಲಿನಲ್ಲಿ ಯಾವೂರು ಎಂದವರಿಗೆಲ್ಲ “ಬೆಂಗಳೂರು ಸೈಡು” ಎಂದು ಎರಡು ವರ್ಷ ಕಳೆದೆ. ರಾಮನಗರದ ಹತ್ತಿರದ ನಮ್ಮೂರು ಕೈಲಾಂಚದ ಹೆಸರೆತ್ತಲು ನಾಲಿಗೆ ಏಳುತ್ತಿರಲಿಲ್ಲ.

ಆ ದೊಡ್ಡಪ್ಪನ ಮಗಳೇ ಭಾಗ್ಯಕ್ಕ. ಹಿಪ್ಪುನೇರಳೆ ಸೊಪ್ಪು ಕೊಯ್ದು, ಎರಡು ಹಸು ಕಟ್ಟಿ ಓದಿಸಿದ ತಂದೆಗೆ ತಕ್ಕ ಮಗಳು. ಫಿಟ್ಟರ್ ಐಟಿಐನಲ್ಲಿ ತರಗತಿಗೇ ಮೊದಲಿಗಳು. ಪ್ರಮಾಣಪತ್ರ ಹಿಡಿದು ಬಿಡದಿಗೆ ಹೋದಳು. ಗುತ್ತಿಗೆದಾರರು ಅದನ್ನು ತೆರೆಯಲೂ ಇಲ್ಲ.

“ಯಾವೂರಮ್ಮ?”

“ಕೈಲಾಂಚ ಸಾರ್.”

“ಲೋಕಲ್ಲಾ? ಆಗಲ್ಲ ಬಿಡಮ್ಮ. ನಿಮ್ಮೋರು ಮದುವೆ, ತಿಥಿ ಅಂತ ರಜಾ ಹಾಕ್ತಾರೆ. ಒಂದು ಮಾತು ಜೋರಾಗಿ ಅಂದ್ರೆ ಊರನ್ನೇ ಗೇಟಿಗೆ ಕರ್ಕೊಂಡು ಬರ್ತಾರೆ.”

ಇಲ್ಲಿಯವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ದೂರದ ನೆಂಟರ ವಿಳಾಸ ಬರೆಯುವುದು. ಭಾಗ್ಯಕ್ಕ ತಿಪಟೂರಿನ ಸೋದರತ್ತೆಯ ವಿಳಾಸ ಬರೆದು, ಅದೇ ಗುತ್ತಿಗೆದಾರರ ಗುಮಾಸ್ತನೊಬ್ಬನ ಮುಂದೆ ನಿಂತು, ಅದೇ ಕಾರ್ಖಾನೆಗೆ ಸೇರಿಕೊಂಡಳು. ಎಂಟು ತಿಂಗಳು ಒಂದು ರಜೆ ಹಾಕಲಿಲ್ಲ. ನನ್ನ ತಂಗಿಯ ಮದುವೆಗೂ ಬರಲಿಲ್ಲ. ತಿಪಟೂರಿನವಳು ಕೈಲಾಂಚದ ಮದುವೆಗೆ ರಜೆ ಕೇಳುವುದಾದರೂ ಹೇಗೆ?

ಒಂದು ದಿನ ಅವಳು ಊಟದ ಡಬ್ಬಿ ಮರೆತು ಹೋದಳು. ಗುಟ್ಟಿನ ಆಳ ತಿಳಿಯದ ದೊಡ್ಡಪ್ಪ ಗಾಡಿ ತೆಗೆದರು; ನಾನು ಹಿಂದೆ ಕುಳಿತೆ. ಅಕ್ಕ ಗೇಟಿಗೆ ಬಂದಳು, ಬೆನ್ನಿಗೇ ಸೂಪರ್‌ವೈಸರ್ ಬಂದರು.

“ಯಾರಮ್ಮ ಇವರು?”

ಅಕ್ಕ ಡಬ್ಬಿಗೆ ಕೈ ಚಾಚಿದಳು. “ನಮ್ಮ... ರೂಮ್ ಓನರ್ ಸಾರ್.”

ದೊಡ್ಡಪ್ಪ ಒಂದು ಕ್ಷಣ ಮಗಳನ್ನು ನೋಡಿದರು. ಆಮೇಲೆ ನಕ್ಕರು. “ಊಂ ಸಾರ್, ನಮ್ಮನೇಲೇ ಬಾಡ್ಗೆಗವ್ಳೆ. ಒಳ್ಳೆ ಹುಡ್ಗಿ. ಡಬ್ಬಿ ಮರ್ತುಬುಟ್ಟು ಬಂದಿದ್ಲು, ತಂದ್ಕೊಟ್ಟೆ.”

“ನಮಸ್ಕಾರ ಸಾರ್. ಇವರು?” ಎಂದು ಸೂಪರ್‌ವೈಸರ್ ಬೆರಳು ನನ್ನತ್ತ ತಿರುಗಿತು. ಚರ್ಚಾಕೂಟಗಳಲ್ಲಿ ಸತ್ಯದ ಪರ ಮೇಜು ಕುಟ್ಟುತ್ತಿದ್ದ ನಾನು ಗಂಟಲು ಸರಿಪಡಿಸಿಕೊಂಡು, “ನಾನೂ ಬಾಡಿಗೆಯವನೇ” ಎಂದೆ.

ವಾಪಸು ಬರುವಾಗ ದೊಡ್ಡಪ್ಪ ಗಾಡಿ ನಿಧಾನಿಸಿ, “ನೋಡ್ದೇನ್ಲಾ? ಓನರ್ರು ಅಂದ್ಲು, ಅವಯ್ಯ ‘ನಮಸ್ಕಾರ ಸಾರ್’ ಅಂದ. ಅಪ್ಪ ಅಂದಿದ್ರೆ ಅಷ್ಟು ಮರ್ವಾದೆ ಸಿಕ್ತಿತ್ತಾ?” ಎಂದು ನಕ್ಕರು. ಮನೆ ತಲುಪಿ ಗಾಡಿಯ ಸ್ಟ್ಯಾಂಡ್ ಹಾಕುವಾಗ ಅವರ ಕಾಲು ಎರಡು ಸಲ ಜಾರಿತು.

ಅಂದು ಸಂಜೆ ಡಬ್ಬಿ ತುಂಬಿದಂತೆಯೇ ವಾಪಸು ಬಂತು. ಮರುದಿನ ಅಕ್ಕ ನೇರ ಆಡಳಿತದ ಕೋಣೆಗೆ ಹೋದಳಂತೆ. “ಸಾರ್, ನನ್ನ ವಿಳಾಸ ತಿದ್ಕೊಳ್ಳಿ. ನಮ್ಮೂರು ಕೈಲಾಂಚ. ನೆನ್ನೆ ಬಂದಿದ್ರಲ್ಲ, ಅವ್ರು ನಮ್ಮಪ್ಪ.” ಸೋಮವಾರದಿಂದ ಬರಬೇಡ ಎಂದರು. ಸುಳ್ಳು ವಿಳಾಸ ಕೊಟ್ಟದ್ದಕ್ಕೋ, ನಿಜವಾದ ವಿಳಾಸ ಇದ್ದದ್ದಕ್ಕೋ ಎಂದು ಆಕೆ ಕೇಳಿದಳು. ಬರಹದಲ್ಲಿ ಕಾರಣ ಕೊಡಿ ಎಂದಳು. ಕೊಡಲಿಲ್ಲ.

ನನ್ನನ್ನು ಸುಡುತ್ತಿರುವುದು ಇದೇ. ಯಂತ್ರ ಅದೇ, ಕೈಗಳು ಅವೇ, ಕೆಲಸವೂ ಅದೇ. ತಿಪಟೂರಿನ ಭಾಗ್ಯ ಮಾದರಿ ಕೆಲಸಗಾರ್ತಿ. ಕೈಲಾಂಚದ ಭಾಗ್ಯ ಅಪಾಯ! ಊರವರು ಗೇಟಿಗೆ ಬರುತ್ತಾರೆಂಬ ಭಯ ನಿಮಗಿದ್ದರೆ, ಊರವರು ಬಂದು ಪ್ರಶ್ನಿಸುವಂಥದ್ದು ಒಳಗೆ ಏನು ನಡೆಯುತ್ತದೆಂದು ಮೊದಲು ಹೇಳಬೇಕಾದವರು ನೀವು. ಹೆದರಿಸಲು ಸುಲಭ ಎಂಬ ಕಾರಣಕ್ಕೇ ಆಸರೆಯಿಲ್ಲದ ದೂರದ ಮಕ್ಕಳನ್ನು ಆರಿಸುತ್ತೀರಾದರೆ, ನೀವು ಅವರಿಗೆ ಮಾಡುತ್ತಿರುವುದೂ ಉಪಕಾರವಲ್ಲ.

ಇಡ್ಲಿಯ ತಟ್ಟೆ ಸರಿಸಿ ನಾನು ಆ ಚೀಟಿಯಲ್ಲಿದ್ದ ವಿವರಗಳನ್ನು ಬರೆದುಕೊಂಡೆ. ಅದೇ ಗುತ್ತಿಗೆದಾರರು, ಅದೇ ಕಾರ್ಖಾನೆ. ಅಕ್ಕನಿಗೆ ಫೋನು ಮಾಡಿದೆ. “ಈ ಸಲ ನಮ್ಮೂರ ಹೆಸರೇ ಬರೀತೀನಿ ಕಣೋ. ತಗೊಂಡ್ರೆ ತಗೊಳ್ಲಿ” ಎಂದಳು.

ಆದ್ದರಿಂದ ಸಂಬಂಧಪಟ್ಟ ಗುತ್ತಿಗೆದಾರರಲ್ಲಿಯೂ ಕಾರ್ಖಾನೆಯ ಆಡಳಿತದಲ್ಲಿಯೂ ವಿಧ್ಯುಕ್ತವಾಗಿ ಕೇಳಿಕೊಳ್ಳುತ್ತೇನೆ: ‘ಲೋಕಲ್‌ನವರು ಬೇಡ’ ಎಂಬ ಆ ಸಾಲನ್ನು ಹಿಂತೆಗೆದುಕೊಳ್ಳಿ, ಭಾಗ್ಯಳನ್ನು ಕೆಲಸದಿಂದ ತೆಗೆದ ಕಾರಣವನ್ನು ಬರಹದಲ್ಲಿ ತಿಳಿಸಿ, ಆಕೆಯ ಹೊಸ ಅರ್ಜಿಯನ್ನು ಕೌಶಲದ ಮೇಲೆ ಮಾತ್ರ ತೂಗಿ. ನೇಮಕಾತಿಯ ಈ ಪದ್ಧತಿಯನ್ನು ವಿಚಾರಣೆಗೊಳಪಡಿಸಬೇಕೆಂದು ಕಾರ್ಮಿಕ ಇಲಾಖೆಯನ್ನು ಒತ್ತಾಯಿಸುತ್ತೇನೆ. ಉತ್ತರವನ್ನು ಆಕೆಯ ಹೆಸರಿಗೇ ಕಳುಹಿಸಿ. ಭಾಗ್ಯ, ಕೈಲಾಂಚ ಎಂದು ಬರೆದರೆ ಸಾಕು; ಅಂಚೆಯವರಿಗೆ ಮನೆ ಗೊತ್ತು.